ಸಿರಾ ಬಿಟ್

8 ಜೂನ್ 1986, ಭಾನುವಾರ

ಟೈಪಿಂಗ್ ಬ್ಯಾಚ್ ಇಲ್ಲದ ದಿನ. ಆದರೂ ಬೇಗ ಎಚ್ಚರ. ಅತ್ತೆಗೆ ಕಾಫಿ, ರಾಗಿ ಗಿರಣಿಗೆ, ಆಮೇಲೆ ಗಿಟಾರ್ ಹೆಗಲಿಗೆ ಹಾಕಿಕೊಂಡು ಅಡವಯ್ಯನವರ ಫೋಟೋ ಸ್ಟುಡಿಯೋ. ಮಹಡಿ ಕೋಣೆ. ಹಂಸ, ಸರೋವರ, ಹೊಸದಾಗಿ ಬಣ್ಣ ಬಳಿದ ಬೆಳದಿಂಗಳು ಇರುವ ಪರದೆಯ ಮುಂದೆ ಪ್ರಾಕ್ಟೀಸ್. ಪೇಟೆಯವರು ಈಗ ತಿರುಗಿ ನೋಡುವುದನ್ನು ಬಿಟ್ಟಿದ್ದಾರೆ. ಮೊದಮೊದಲು ನೋಡುತ್ತಿದ್ದರು—ಟೈಪಿಂಗ್ ಮೇಡಂ ಶವ ಹೊತ್ತ ಹಾಗೆ ಏನನ್ನು ಹೊತ್ತು ಹೋಗುತ್ತಾಳೆ ಅಂತ.

ಅಡವಯ್ಯನವರು ಮುಂದೆ ನಿಂತು ಲೀಡ್ ಗಿಟಾರ್, ನಾನು ಹಿಂದೆ ಕೂತು ರಿದಂ ಗಿಟಾರ್, ಬೋರಪ್ಪ ಡ್ರಮ್ಸ್. ಬೋರಪ್ಪ ಪುರವರ ಹೋಬಳಿ ಕಡೆಯ ಕುರಿ ಸಾಕುವ ಮನೆಯವನು, ವಾರವೆಲ್ಲ ಕೊರಟಗೆರೆ ಬಸ್ಸಿನಲ್ಲಿ ಕಂಡಕ್ಟರ್. ಬಾಬಾಜಾನ್ ಸಾಹೇಬರು ಸಿರಾದಲ್ಲಿ ಮೈಕ್‌ಸೆಟ್ ಇಟ್ಟವರು. ಇಷ್ಟೇ ನಾವು. ಗಿಟಾರ್ ಪಾಲ್‌ರಾಜ್ ಅಭಿಮಾನಿ ವಾದ್ಯವೃಂದ, ಮಧುಗಿರಿ. ಹಾಡುವವರನ್ನು ತುಮಕೂರಿನಿಂದ ಕರೆಸುತ್ತೇವೆ.

ಇವತ್ತು ಬಾಬಾಜಾನ್ ಸುದ್ದಿ ತಂದರು. ಗಣೇಶನ ಹಬ್ಬಕ್ಕೆ ಸಿರಾದಲ್ಲಿ ನಮ್ಮದೇ ಪ್ರೋಗ್ರಾಂ. ಪಾಲ್‌ರಾಜ್ ಹನ್ನೆರಡು ವರ್ಷದ ಹಿಂದೆ ನುಡಿಸಿದ ಅದೇ ಮೈದಾನ. ಅಡವಯ್ಯನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಆಮೇಲೆ—

"ಹಾಗಾದ್ರೆ ಈ ಸಲ ಸಿರಾದಲ್ಲಿ ಸಿರಾ ಬಿಟ್ ನುಡಿಸ್ತೀನಿ."

ಎಲ್ಲ ಕಡೆ ನುಡಿಸಿದ್ದಾರೆ. ಸಿರಾದಲ್ಲಿ ಮಾತ್ರ ಇಲ್ಲ. ಅಷ್ಟು ಭಯಭಕ್ತಿ.

ಆ ರಾತ್ರಿ ನಾನೂ ಅಲ್ಲಿದ್ದೆ. ತವರು ಸಿರಾ ತಾನೇ. ಎಸ್ಸೆಸ್ಸೆಲ್ಸಿ ಓದುವ ಹುಡುಗಿ, ಸ್ಕೂಲ್ ಕಾಂಪೌಂಡ್ ಗೋಡೆ ಹತ್ತಿ ಕೂತಿದ್ದೆ. ಬೆಂಗಳೂರಿನಿಂದ ಹೊರಟ ಗಾಯಕರ ವ್ಯಾನು ದಾರಿಯಲ್ಲಿ ಕೆಟ್ಟಿತ್ತು. ಜನ ಶಿಳ್ಳೆ, ಕೂಗಾಟ, ಒಂದೆರಡು ಕಲ್ಲು. ಪಾಲ್‌ರಾಜ್ ಒಬ್ಬನೇ ಮುಂದೆ ಬಂದ. ಸಣಕಲು ಆಳು, ಕೋಲಾರ ಗಣಿ ಕಡೆಯವನು. ಮೈಕಿನಲ್ಲಿ ಒಂದು ಮಾತಿಲ್ಲ. ನುಡಿಸತೊಡಗಿದ. ಸಿನಿಮಾ ಹಾಡಲ್ಲ, ನಮಗೆ ಗೊತ್ತಿದ್ದ ಯಾವುದೂ ಅಲ್ಲ. ಗಿಟಾರು ಕಿರುಚಿತು, ಅತ್ತಿತು, ಆಮೇಲೆ ಬೈಯುವವರನ್ನು ಹತ್ತಿರ ಕೂರಿಸಿಕೊಂಡು ಏನೋ ಹೇಳಿದ ಹಾಗೆ ತಗ್ಗಿತು. ಮೈದಾನ ಗಪ್‌ಚಿಪ್. ಬಾಬಾಜಾನ್ ತಮ್ಮ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟುಕೊಂಡರು. ಅದೇ ಸಿರಾ ಬಿಟ್. ನಮ್ಮ ಸುತ್ತಿನ ನಾಲ್ಕೂ ತಾಲ್ಲೂಕಿನಲ್ಲಿ ಅದರ ಕ್ಯಾಸೆಟ್ ಇಲ್ಲದ ಟೀ ಅಂಗಡಿ ಇಲ್ಲ.

ಮಾರನೆಯ ವಾರವೇ ಅಪ್ಪನಿಗೆ ಗಂಟುಬಿದ್ದು ಗಿಟಾರ್ ಕೊಡಿಸಿಕೊಂಡೆ.

14 ಜೂನ್, ಶನಿವಾರ

ಪುಸ್ತಕ ಬಂತು! 'ವೇದಿಕೆಯಿಂದ ವೇದಿಕೆಗೆ'—ಗಿಟಾರ್ ಪಾಲ್‌ರಾಜ್ ಆತ್ಮಕಥೆ. ಅಡವಯ್ಯನವರು ಬೆಂಗಳೂರಿಗೆ ಫಿಲ್ಮ್ ತರಲು ಹೋದವರು ಎರಡು ಪ್ರತಿ ತಂದಿದ್ದಾರೆ. ಒಂದು ತಮಗೆ, ಒಂದು ನಮಗೆಲ್ಲ. ತಮ್ಮದಕ್ಕೆ ಆಗಲೇ ಬ್ರೌನ್ ಪೇಪರಿನ ರಟ್ಟು. ದಿನಕ್ಕೆ ನಾಲ್ಕು ಪುಟ ಓದುತ್ತಾರಂತೆ.

"ಒಂದೇ ಸಲ ಓದಿದ್ರೆ ಮುಗಿದೋಗ್ತದಲ್ಲ ಕಮಲಾಕ್ಷಮ್ಮನೋರೆ."

ಮುಖ ನೋಡಬೇಕಿತ್ತು. ಮದುವೆ ನಿಶ್ಚಯವಾದ ಹುಡುಗನ ಹಾಗೆ.

15 ಜೂನ್, ಭಾನುವಾರ

ಪ್ರಾಕ್ಟೀಸ್ ಅರ್ಧ, ಜಗಳ ಅರ್ಧ. ಬಾಬಾಜಾನ್ ನಮ್ಮ ಪ್ರತಿಯನ್ನು ಅಲ್ಲಲ್ಲಿ ತಿರುವಿದರು.

"ಅರೇ, ಇದರಲ್ಲಿ ಗಿಟಾರ್ ಎಲ್ಲಿ ಇದೆ ಸಾಬ್? ಕಾರು ತಗೊಂಡಿದ್ದು ಒಂದು ಚಾಪ್ಟರ್. ಸಿಂಗಾಪುರದ ಹೋಟ್ಲು ಒಂದು ಚಾಪ್ಟರ್. ಶಾಲು ಹೊದಿಸಿದ್ದು... ಶಾಲು, ಶಾಲು, ಶಾಲು. ಬಟ್ಟೆ ಅಂಗಡಿ ಇಡ್ತಾನಂತಾ?"

ಅಡವಯ್ಯನವರಿಗೆ ಸಿಟ್ಟು. "ದೊಡ್ಡೋರ ಜೀವನ ಅಂದ್ಮೇಲೆ ಎಲ್ಲಾ ಇರ್ತದೆ. ಮುಂದೆ ಬರ್ತದೆ ತಡೀರಿ. ಸಿರಾ ಬಂದೇ ಬರ್ತದೆ."

ಪುಸ್ತಕ ನಾನು ತಂದೆ. ನಾನು ನಾಲ್ಕು ಪುಟಕ್ಕೆ ನಿಲ್ಲಿಸುವವರ ಪೈಕಿ ಅಲ್ಲ.

17 ಜೂನ್, ಮಂಗಳವಾರ

ಮಧ್ಯಾಹ್ನದ ಬ್ಯಾಚಿನವರಿಗೆ ಸ್ಪೀಡ್ ಟೆಸ್ಟ್ ಕೊಟ್ಟು ಕೂತು ಓದಿದೆ. ಮುಗಿಯಿತು.

ಸಿರಾ ಬಂತು. ಬರದೇ ಇದ್ದರೆ ಚೆನ್ನಾಗಿತ್ತು. ಇಲ್ಲಿ ಬರೆದುಕೊಳ್ಳುತ್ತೇನೆ, ನಾನೇ ಕಟ್ಟಿದ್ದು ಎಂದು ಮುಂದೆ ನನಗೇ ಅನ್ನಿಸದ ಹಾಗೆ:

"ತುಮಕೂರು ಕಡೆ ಯಾವುದೋ ಊರು. ಗಾಯಕರು ಬರಲಿಲ್ಲ. ಜನ ಕಲ್ಲು ಬೀರುವ ಮೊದಲು ಏನೋ ಗದ್ದಲ ಮಾಡಿ ಹೊತ್ತು ಕಳೆದೆ. ಅಂಥ ಜನಕ್ಕೆ ಅಷ್ಟು ಸಾಕು. ಅದನ್ನೇ ದೊಡ್ಡದು ಮಾಡಿ ಹೇಳುವವರನ್ನು ಕಂಡರೆ ಈಗಲೂ ನಗು ಬರುತ್ತದೆ."

ಇಷ್ಟೇ. ಮುಂದಿನ ಸಾಲಿನಲ್ಲಿ ಮೈಸೂರು, ಮತ್ತೊಂದು ಶಾಲು.

ಪುಸ್ತಕ ಮೇಜಿಗೆ ಕುಕ್ಕಿದೆ. ಆಮೇಲೆ ನೆನಪಾದದ್ದು ಅವನ ಕಾಲು. ನಾನು ಗೋಡೆ ಮೇಲೆ, ಪಕ್ಕದಿಂದ ಕಾಣುತ್ತಿತ್ತು. ಬೆಲ್ ಬಾಟಮ್ ಪ್ಯಾಂಟಿನೊಳಗೆ ಮೊಣಕಾಲು ಗಡಗಡ. ಗದ್ದಲ ಮಾಡಲು ಬಂದವನ ಕಾಲು ಹಾಗೆ ನಡುಗುವುದಿಲ್ಲ. ಅವನು ಹೆದರಿದ್ದ. ಹೆದರಿಕೊಂಡೇ ನುಡಿಸಿದ. ಶಾಲುಗಳ ನಡುವೆ ಅದನ್ನು ಬರೆಯಲು ಅವನಿಗೆ ಆಗಲಿಲ್ಲ. ಇಷ್ಟು ನನಗೆ ಖಾತ್ರಿ.

ಆದರೆ ಅಡವಯ್ಯನವರಿಗೆ? ನಾಲ್ಕು ನಾಲ್ಕು ಪುಟ ಅಂತ ಆ ಪುಟದ ಕಡೆಗೇ ಬರುತ್ತಿದ್ದಾರೆ.

18 ಜೂನ್, ಬುಧವಾರ

ಹೇಳಿಬಿಟ್ಟೆ. ಒಬ್ಬರೇ ಇದ್ದಾಗ ಓದಿ ಕುಸಿಯುವುದಕ್ಕಿಂತ ಎದುರಿಗೆ ಒಬ್ಬರು ಇರುವುದು ವಾಸಿ ಅನ್ನಿಸಿತು. ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಗೆ ಬಂದ ಗಿರಾಕಿ ಸ್ಟೂಲ್ ಮೇಲೆ ಕೂತಿದ್ದ. ಅಡವಯ್ಯನವರು ಆ ಪುಟವನ್ನು ನಿಂತೇ ಓದಿದರು. ಓದಿ, ಪುಸ್ತಕ ಮಡಿಸಿ, ಕ್ಯಾಮೆರಾ ಹಿಂದೆ ಹೋದರು. "ತಲೆ ಸ್ವಲ್ಪ ಎತ್ತಿ" ಅಂದರು. ಗಿರಾಕಿ ಎತ್ತಿದ. ಎತ್ತಿಕೊಂಡೇ ಇದ್ದ. ಅಡವಯ್ಯನವರು ಬಟನ್ ಒತ್ತಲೇ ಇಲ್ಲ.

"ಸಾರ್, ಆಯ್ತಾ?" ಅಂದ ಪಾಪ.

"ಆಯ್ತು," ಅಂದರು. ಗಿರಾಕಿಗಲ್ಲ.

22 ಜೂನ್, ಭಾನುವಾರ

ಇವತ್ತಿನದು ಬರೆಯಲೇಬೇಕು.

ಬಾಬಾಜಾನ್ ಬೆಳಿಗ್ಗೆಯೇ ಸಿರಾ ಬಸ್ಸಿಳಿದು ನೇರ ಮಹಡಿಗೆ. "ಆ ರಾತ್ರಿ ನನ್ನ ಆಂಪ್ಲಿಫೈಯರ್ ಮೇಲೆ ನುಡಿಸಿದ್ದು ಅವನು! ಯಾವುದೋ ಊರಂತೆ! ನಮ್ಮ ಮನೆ ಬಿರಿಯಾನಿ ತಿಂದು ಹೋದ ಕಣ್ರೀ. ಗಣೇಶನ ಪೆಂಡಾಲ್ ಮುಂದೆ ಈ ಕಿತಾಬ್ ಸುಡೋಣ. ಬ್ಯಾನರ್ ಮೇಲಿಂದ ಅವನ ಹೆಸರು ತೆಗೀರಿ."

ಬೋರಪ್ಪ ಡ್ರಮ್ಮಿನ ಹಿಂದೆ ಕೂತು ಕಡ್ಡಿ ತಿರುಗಿಸುತ್ತಿದ್ದ. "ಬುಡಣ್ಣ ಅತ್ಲಾಗೆ. ಹಾಲು ಕುಡಿಯೋನು ಎಮ್ಮೆ ಮಕ ನೋಡ್ತಾನಾ? ಅವ್ನು ಬಾರಿಸೋದು ಚೆಂದಾಗ್ ಬಾರಿಸ್ದ. ಬರಿಯೋಕ್ ಬರ್ಲಿಲ್ಲ. ಅಂಗಂತ ಬಾರ್ಸಿದ್ದು ಸುಳ್ಳಾಯ್ತದಾ?"

"ಅವನೇ ಗದ್ದಲ ಅಂತಾನಲ್ಲೋ! ಮಾಡಿದೋನೇ ಹೇಳಿದ್ಮೇಲೆ ಇನ್ನೇನು?" ಇದು ಅಡವಯ್ಯನವರು.

ನಾನಂದೆ: "ಮಾಡಿದವನಿಗೆ ಎಲ್ಲಾ ಗೊತ್ತಿರುತ್ತೆ ಅಂತ ಯಾರು ಹೇಳಿದ್ದು? ನೀವು ತೆಗೆದ ಫೋಟೋದಲ್ಲಿ ನೀವು ಕಾಣದೇ ಇದ್ದದ್ದು ಬಂದಿಲ್ವಾ ಯಾವತ್ತೂ?" ಮೊಣಕಾಲಿನ ಸಂಗತಿ ಹೇಳಿದೆ. ಬಾಬಾಜಾನ್ ಹೌದು ಹೌದು, ನೀರು ಕೇಳಿ ಎರಡು ಲೋಟ ಕುಡಿದ ಅಂದರು. ಆದರೂ ಸುಡೋಣ ಅಂದರು.

ಅಡವಯ್ಯನವರು ನನ್ನ ಕಡೆ ತಿರುಗಿದರು. ದನಿ ಏರಲಿಲ್ಲ. ಅದೇ ಕಷ್ಟ.

"ಕಮಲಾಕ್ಷಮ್ಮನೋರೆ, ನೀವು ಚಿಕ್ಕೋರು. ನಾನು ಅಂಗಡಿ ಬಾಗಿಲು ಹಾಕಿ, ಕ್ಯಾಸೆಟ್ ತಿರುಗಿಸಿ ತಿರುಗಿಸಿ, ಒಂದೊಂದು ಸ್ವರ ಹೆಕ್ಕಿದೋನು. ಮನೆಯೋಳು ಬೈದು ಬೈದು ಸುಸ್ತಾದ್ಲು. ಎಲ್ಲೂ ಒಂದು ಸ್ವರ ತಪ್ಪಿಸಿಲ್ಲ, ಗುರುವಿಗೆ ಅಪಚಾರ ಆಗಬಾರದು ಅಂತ. ಈಗ ಗುರು ಹೇಳ್ತಾನೆ, ನನ್ನಂಥೋರನ್ನ ಕಂಡ್ರೆ ನಗು ಬರ್ತದೆ ಅಂತ. ನಗಲಿ. ನಾನು ಇನ್ನು ನಗೆಪಾಟಲಾಗಲ್ಲ."

ಗಿಟಾರಿನ ಪ್ಲಗ್ ಕಿತ್ತರು. ಕೆಳಗೆ ಡಾರ್ಕ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗಿನ ಕೆಂಪು ಬಲ್ಬು ಹತ್ತಿತು. ಅದು ಹತ್ತಿದರೆ ಯಾರೂ ಬಾಗಿಲು ತೆಗೆಯುವ ಹಾಗಿಲ್ಲ.

20 ಜುಲೈ, ಭಾನುವಾರ

ಇಷ್ಟು ದಿನ ಬರೆಯುವಂಥದ್ದು ಏನೂ ಇರಲಿಲ್ಲ. ಪ್ರಾಕ್ಟೀಸ್ ಇಲ್ಲ. ಅಡವಯ್ಯನವರು ಅಂಗಡಿಯಲ್ಲಿ ಸಿಕ್ಕರೆ ಮಳೆ, ಮದುವೆ ಆರ್ಡರು, ಅಷ್ಟೇ ಮಾತು. ಬೋರಪ್ಪ ಬಸ್ಸಿನ ಬಾಗಿಲಿನಿಂದಲೇ ಕೂಗುತ್ತಾನೆ, "ಅಕ್ಕೋ, ಏನಾಯ್ತು ಕಥೆ?" ಸಿರಾದವರು ಪಾಂಪ್ಲೆಟ್ ಹಾಕಿಸುವ ಮೊದಲು ಉತ್ತರ ಕೇಳುತ್ತಿದ್ದಾರೆ.

ಮಧ್ಯಾಹ್ನ ಹಿತ್ತಿಲಲ್ಲಿ ಮೊರದಲ್ಲಿ ಹುರುಳಿ ಹಸನು ಮಾಡುತ್ತ ಅತ್ತೆ ಕೇಳಿದರು. ಅತ್ತೆ ಮಠದ ಭಜನೆಯ ಮುಂದಾಳು. ಶಿವರುದ್ರಮ್ಮ ದನಿ ಎತ್ತಿದರೆ ಬೆಟ್ಟದ ಮೇಲಿನವರಿಗೂ ಕೇಳುತ್ತದೆ ಅನ್ನುತ್ತಾರೆ.

"ಏನೇ ಕಮಲ, ನಿಮ್ಮ ಗಲಾಟೆ ನಿಂತೋಯ್ತು?"

ಎಲ್ಲ ಹೇಳಿದೆ. ಪೂರ್ತಿ ಕೇಳಿದರು.

"ಅಲ್ಲ ಕಣೇ, ನಾವು ಹಾಡೋ ತತ್ವಪದ ಬರೆದೋರು ಮನೇಲಿ ಹೆಂಗಿದ್ರೋ ಯಾರಿಗ್ ಗೊತ್ತು? ಹೆಂಡ್ತೀನ ಹೊಡೀತಿದ್ರೋ ಏನೋ. ಹಾಡು ಬಾಯಿಗೆ ಬಂದ್ಮೇಲೆ ಹಾಡೋರ್ದು. ಆ ಅಡವಯ್ಯ ನುಡಿಸ್ದೆ ಇದ್ರೆ ನಿಂಗೆ ಕೈ ಇಲ್ವಾ?"

"ಲೀಡ್ ಅವರದು ಅತ್ತೆ. ನಾನು ರಿದಂ."

"ಹಂಗಂದ್ರೇನೋ ನಂಗೊತ್ತಿಲ್ಲ. ಬರ್ತದೋ ಇಲ್ವೋ ಅಷ್ಟು ಹೇಳು."

ಬರುತ್ತದೆ. ಅಡವಯ್ಯನವರ ಪಕ್ಕದಲ್ಲಿ ಇಷ್ಟು ವರ್ಷ ಕೂತಿದ್ದೇನೆ. ಅವರ ಪ್ರತಿ ಸ್ವರವೂ ಬರುತ್ತದೆ. ಎಲ್ಲಿ ಅವರದಕ್ಕಿಂತ ಬೇರೆ ಬೇಕು ಅನ್ನುವುದೂ ಗೊತ್ತು. ಅದನ್ನು ಯಾರಿಗೂ ಹೇಳಿಲ್ಲ.

"ಬರ್ತದೆ," ಅಂದೆ.

"ಮತ್ತೆ?" ಅಂದು ಮೊರ ನನ್ನ ಕಡೆ ತಳ್ಳಿದರು.

2 ಆಗಸ್ಟ್, ಶನಿವಾರ

ಇವರು ಪಾವಗಡದಿಂದ ಬಂದರು. ತಾಲ್ಲೂಕು ಕಚೇರಿ ಕೆಲಸ, ವಾರಕ್ಕೊಮ್ಮೆ ಮನೆ. ಚೀಲದ ತುಂಬ ಕಡಲೆಕಾಯಿ, ಬಾಯಿ ತುಂಬ ತೆಲುಗು. ಊಟಕ್ಕೆ ಕೂತಾಗ ಹೇಳಿದೆ—ಸಿರಾದಲ್ಲಿ ನಾನೇ ಮುಂದೆ ನಿಂತು ನುಡಿಸುತ್ತೇನೆ.

ಮುದ್ದೆ ಮುರಿಯುವ ಕೈ ನಿಂತಿತು. "ಪ್ರಾಕ್ಟೀಸ್ ಬೇರೆ ಕಮಲ. ಹಿಂದೆ ಕೂತು ನುಡಿಸೋದೂ ಬೇರೆ. ಸ್ಟೇಜ್ ಮುಂದೆ ಅಂದ್ರೆ... ಆಫೀಸಿನಲ್ಲಿ ಶಿಳ್ಳೆ ಹಾಕ್ತಾರೆ ನನಗೆ. ಮರುಳಸಿದ್ದಯ್ಯನ ಹೆಂಡ್ತಿ ಆರ್ಕೆಸ್ಟ್ರಾದೋಳು ಅಂತಾರೆ."

"ಹೌದಲ್ಲ. ಆರ್ಕೆಸ್ಟ್ರಾದೋಳೇ."

"ನಾನು ಬೇಡ ಅಂದ್ರೆ ನಿಲ್ಲಿಸ್ತೀಯಾ?"

"ಇಲ್ಲ."

"ಹಾಗಾದ್ರೆ ಯಾಕೆ ಕೇಳ್ತೀಯಾ?"

"ಕೇಳಲಿಲ್ಲ. ಹೇಳಿದೆ."

ಅತ್ತೆ ಒಳಗಿನಿಂದ ಜೋರಾಗಿ ಕೆಮ್ಮಿದರು. ಇವರು ನಗಲಿಲ್ಲ. ಊಟ ಮುಗಿಸಿ ಜಗಲಿಯಲ್ಲಿ ಬಹಳ ಹೊತ್ತು ಕೂತಿದ್ದರು. ಯೋಚಿಸುವವರನ್ನು ಯೋಚಿಸಲು ಬಿಡಬೇಕು.

4 ಆಗಸ್ಟ್, ಸೋಮವಾರ

ಬೆಳಗಿನ ಬಸ್ಸಿಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತ, ನನ್ನ ಮುಖ ನೋಡದೆ—"ಸಿರಾಗೆ ಯಾವ ವಾರ?"

ಹೇಳಿದೆ.

"ರಜ ಹಾಕ್ತೀನಿ. ಅಷ್ಟು ಜನದಲ್ಲಿ ಅಮ್ಮನ್ನ ಯಾರು ಕರ್ಕೊಂಡು ಬರ್ತಾರೆ?"

ಅಮ್ಮನ ನೆಪ. ಇರಲಿ.

10 ಆಗಸ್ಟ್, ಭಾನುವಾರ

ಅಡವಯ್ಯನವರಿಗೆ ನಾನೇ ಹೋಗಿ ಹೇಳಿದೆ. ಬೆನ್ನ ಹಿಂದೆ ಮಾಡುವುದು ನನಗೆ ಸೇರದು. ನೆಗೆಟಿವ್ ಒಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಇಳಿಸಲಿಲ್ಲ.

"ಸಿರಾದೋರಿಗೆ ಗದ್ದಲ ಕೊಡ್ತೀರಾ?"

"ನಾನು ಕೇಳಿದ್ದನ್ನ ಕೊಡ್ತೀನಿ. ನೀವು ಕಲಿಸಿದ್ದು."

"ನಾನು ಕಲಿಸಿದ್ದು ತಪ್ಪು ಅಂತ ಪ್ರಿಂಟಾಗಿ ಬಂದಿದೆಯಲ್ಲಮ್ಮ."

"ಪ್ರಿಂಟಾಗಿದ್ದೆಲ್ಲ ಸರಿಯಿದ್ದಿದ್ರೆ ನನ್ನ ಟೈಪಿಂಗ್ ಹುಡುಗರು ಎಲ್ಲಾ ಪಾಸಾಗ್ತಿದ್ರು."

ತುಟಿ ಸ್ವಲ್ಪ ಅಲುಗಿತು. ನಗು ಅಂತ ಹೇಳಲಾರೆ. ಮಹಡಿ ಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟರು. "ಪ್ರಾಕ್ಟೀಸ್ ಮಾಡಿಕೊಳ್ಳಿ. ನಾನು ಸಿರಾಗೆ ಬರಲ್ಲ. ಕರೀಬೇಡಿ."

ಕರೆಯಲಿಲ್ಲ. ಬೋರಪ್ಪ, ನಾನು ಇಬ್ಬರೇ ನುಡಿಸಿದೆವು. ಕೆಳಗೆ ಅಂಗಡಿಯ ರೇಡಿಯೋ ಯಾವಾಗಲೂ ಹಾಡುತ್ತಿರುತ್ತದೆ. ನಾವು ಶುರು ಮಾಡಿದ ಮೇಲೆ ಯಾರೋ ಆಫ್ ಮಾಡಿದರು.

12 ಸೆಪ್ಟೆಂಬರ್, ಶುಕ್ರವಾರ

ನಾಳೆ.

ಬಾಬಾಜಾನ್ ಪುಸ್ತಕ ಸುಡುವುದನ್ನು ಕೈಬಿಟ್ಟಿದ್ದಾರೆ—ಹಬ್ಬದಲ್ಲಿ ಬೆಂಕಿ ಅಪಶಕುನ ಅಂತ ಕಮಿಟಿಯವರು ಬೈದರಂತೆ. ಬ್ಯಾನರ್ ಮಾತ್ರ ಬಿಟ್ಟಿಲ್ಲ, ಕತ್ತರಿ ಹಾಕಿದ್ದಾರೆ. 'ಅಭಿಮಾನಿ ವಾದ್ಯವೃಂದ' ಅಂತಷ್ಟೇ ಉಳಿದಿದೆ. ಯಾರ ಅಭಿಮಾನಿ ಅಂತ ಕೇಳಿದರೆ ಏನು ಹೇಳುವುದೋ!

ಕ್ಲಾಸಿನಲ್ಲಿ ಒಂದೇ ಟೆಸ್ಟ್ ಎರಡು ಸಲ ಕೊಟ್ಟೆ. ಆದರೂ ಊಟ ಚೆನ್ನಾಗಿ ಸೇರಿತು.

14 ಸೆಪ್ಟೆಂಬರ್, ಭಾನುವಾರ, ಬೆಳಿಗ್ಗೆ, ಸಿರಾ—ಅಪ್ಪನ ಮನೆ

ಗಂಟಲು ಕಟ್ಟಿದೆ, ಎಲ್ಲರಿಗೂ ಉತ್ತರ ಕೊಟ್ಟು ಕೊಟ್ಟು. ಕ್ರಮವಾಗಿ ಬರೆಯುತ್ತೇನೆ.

ಮೈದಾನ ತುಂಬಿತ್ತು. ತುಮಕೂರಿನ ಗಾಯಕರು ಬಂದಿದ್ದರು, ಸಿನಿಮಾ ಹಾಡು ಆಯಿತು, ಚಪ್ಪಾಳೆ ಆಯಿತು. ನಾನು ಹಿಂದೆ ಕೂತೇ ನುಡಿಸುತ್ತಿದ್ದೆ. ಆಮೇಲೆ ಬಾಬಾಜಾನ್ ಮೈಕ್ ಹಿಡಿದು, "ಈಗ... ಸಿರಾ ಬಿಟ್!" ಅಂದರು. ಸಮುದ್ರ ಎದ್ದ ಹಾಗೆ ಕೂಗು. ನಾನು ಎದ್ದು ಮುಂದೆ ಬಂದೆ. ಕೂಗು ಅರ್ಧಕ್ಕೆ ಇಳಿಯಿತು.

"ಅಡವಯ್ಯ ಎಲ್ಲಿ?" ಯಾರೋ. "ಹೆಂಗಸರ ಕೈಲಿ ಆಗ್ತದಾ ಲೇ?" ಇನ್ಯಾರೋ. ಮುಂದಿನ ಸಾಲಿನಲ್ಲಿ ಅತ್ತೆ ಹಿಂದಕ್ಕೆ ತಿರುಗಿ ನೋಡಿದರು. ಆ ದಿಕ್ಕಿನಲ್ಲಿ ಮಾತು ನಿಂತಿತು.

ನನ್ನ ಮೊಣಕಾಲು. ಸೀರೆಯೊಳಗೆ, ಯಾರಿಗೂ ಕಾಣದು. ನಡುಗಲಿ ಅಂತ ಬಿಟ್ಟೆ.

ಶುರು ಮಾಡಿದೆ. ಮೊದಲ ಭಾಗ ಅಡವಯ್ಯನವರು ಹೇಳಿಕೊಟ್ಟ ಹಾಗೆ, ಸ್ವರಕ್ಕೆ ಸ್ವರ. ಜನ ತಲೆದೂಗುತ್ತಿದ್ದರು, ಎಲ್ಲರಿಗೂ ಬಾಯಿಪಾಠ. ಮಧ್ಯದಲ್ಲಿ ಅದು ಕಿರುಚುತ್ತ ಮೇಲಕ್ಕೆ ಓಡುವ ಜಾಗ ಇದೆ. ಅಲ್ಲಿ ನಾನು ಓಡಲಿಲ್ಲ. ತಡೆದೆ. ಒಂದೇ ಸ್ವರ ಹಿಡಿದು ಎಳೆದೆ, ಬಿಟ್ಟೆ, ಮತ್ತೆ ಎಳೆದೆ. ಬೋರಪ್ಪ ಕಣ್ಣು ದೊಡ್ಡದು ಮಾಡಿ ನೋಡಿದ, ಆಮೇಲೆ ಅರ್ಥ ಮಾಡಿಕೊಂಡು ಡ್ರಮ್ಸ್ ನಿಲ್ಲಿಸಿಬಿಟ್ಟ. ಮೈದಾನದಲ್ಲಿ ನನ್ನ ಒಂದು ತಂತಿ. ಗೋಡೆ ಮೇಲೆ ಕೂತ ಹುಡುಗಿಗೆ ಅವತ್ತು ಕೇಳಿದ್ದು ಅದು. ಕ್ಯಾಸೆಟ್ಟಿನಲ್ಲಿ ಅಷ್ಟು ಸರಿಯಾಗಿ ಬಂದಿಲ್ಲ, ಅಥವಾ ನನಗೆ ಮಾತ್ರ ಹಾಗೆ ಕೇಳಿತ್ತೋ ಏನೋ. ಆಮೇಲೆ ಬಿಟ್ಟಿನ ಹಾಗೇ ಮೇಲಕ್ಕೆ ಓಡಿದೆ.

ಮುಗಿಯಿತು. ನಂತರ ಅರ್ಧ ಮೈದಾನ ಎದ್ದು ನಿಂತಿತು. ಅರ್ಧ ಎದ್ದು ನಿಲ್ಲಲಿಲ್ಲ, ಅದನ್ನೂ ಬರೆಯಬೇಕು. ಒಬ್ಬ ಗಡ್ಡದವ ಸ್ಟೇಜಿನ ಹತ್ತಿರ ಬಂದು, "ಚೆನ್ನಾಗಿತ್ತು ಮೇಡಂ, ಆದ್ರೆ ಸಿರಾ ಬಿಟ್ ಅಲ್ಲ," ಅಂದು ಹೋದ.

ನುಡಿಸುವಾಗ ಕೆಳಗೆ ಎಲ್ಲೋ ಮಿಂಚುತ್ತಿದ್ದ ಫ್ಲಾಶ್ ಇಳಿಯುವಾಗ ಕಣ್ಣಿಗೇ ಹೊಡೆಯಿತು. ಅಡವಯ್ಯನವರು. ಕುತ್ತಿಗೆಯಲ್ಲಿ ಕ್ಯಾಮೆರಾ.

"ಕಮಿಟಿಯೋರು ಫೋಟೋ ಆರ್ಡರ್ ಕೊಟ್ಟಿದ್ರು," ಅಂದರು. "ಅದಕ್ಕೆ ಬಂದೆ."

ಕಮಿಟಿಯವರನ್ನು ವಿಚಾರಿಸಿದೆ. ಯಾರೂ ಕೊಟ್ಟಿಲ್ಲ.

ಇವರು ಅತ್ತೆಯ ಕೈ ಹಿಡಿದು ಜನದ ನಡುವೆ ಬರುತ್ತಿದ್ದರು. ಯಾರೋ "ಅವರ ಯಜಮಾನ್ರು" ಅಂದದ್ದು ಕೇಳಿಸಿತು. ಇವರು ಎದೆ ಸ್ವಲ್ಪ ಮುಂದೆ ಮಾಡಿಕೊಂಡದ್ದನ್ನೂ ನೋಡಿದೆ.

21 ಸೆಪ್ಟೆಂಬರ್, ಭಾನುವಾರ, ಬೆಳಿಗ್ಗೆ

ಜಗಳ ನಿಂತಿಲ್ಲ. ಈಗ ನನ್ನ ಬಗ್ಗೆ! ಬೋರಪ್ಪನ ಬಸ್ಸಿನಲ್ಲಿ ಎರಡು ಪಾರ್ಟಿ ಆಗಿದೆಯಂತೆ. ಕಮಲಾಕ್ಷಮ್ಮ ಬಿಟ್ ಕೆಡಿಸಿದಳು ಅಂತ ಒಂದು, ಉಳಿಸಿದಳು ಅಂತ ಇನ್ನೊಂದು. "ಚನ್ನರಾಯನದುರ್ಗದೋರೆಲ್ಲ ನಿನ್ ಪಾರ್ಟಿ ಕಣಕ್ಕ. ಕೊರಟಗೆರೆ ಪ್ಯಾಟೆಯೋರು ಇನ್ನೂ ಒಪ್ತಿಲ್ಲ. ಟಿಕೆಟ್ ಹರಿಯಾಕ್ ಬುಡ್ತಿಲ್ಲ ನಂಗೆ." ಪಾಲ್‌ರಾಜ್ ಪುಸ್ತಕದ ಮಾತೇ ಯಾರೂ ಎತ್ತುತ್ತಿಲ್ಲ. ನಮ್ಮ ಪ್ರತಿ ಅತ್ತೆಯ ಹತ್ತಿರ ಇದೆ, ಸಿಂಗಾಪುರದ ಭಾಗ ಚೆನ್ನಾಗಿದೆಯಂತೆ.

ನಿನ್ನೆ ಸಂಜೆ ಅಡವಯ್ಯನವರು ಪ್ರಿಂಟ್ ತೋರಿಸಿದರು. ಒಂದು ರೋಲ್ ಪೂರ್ತಿ. ಇಳಿಯುವಾಗಿನದು ಬಿಟ್ಟರೆ ಒಂದರಲ್ಲೂ ನನ್ನ ಮುಖ ಇಲ್ಲ. ಬರೀ ಎಡಗೈ. ಬೆರಳು ಎಲ್ಲಿ ಒತ್ತಿದೆ, ಎಲ್ಲಿ ತಂತಿ ಬಾಗಿದೆ, ಒಂದಾದ ಮೇಲೆ ಒಂದು.

ಒಂದನ್ನು ಎತ್ತಿ ಹಿಡಿದರು. "ಇಲ್ಲಿ ತಪ್ಪಿದ್ದೀರಿ."

"ತಪ್ಪಲ್ಲ. ಬೇಕಂತಲೇ ಹಾಗೆ."

"ಪಾಲ್‌ರಾಜ್ ಹಾಗೆ ನುಡಿಸಿಲ್ಲ."

"ಇಲ್ಲ."

ಫೋಟೋ ಹತ್ತಿರ ತಂದರು, ದೂರ ಹಿಡಿದರು. ತಮ್ಮ ಎಡಗೈ ಬೆರಳನ್ನು ಗಾಳಿಯಲ್ಲೇ ಹಾಗೆ ಮಡಿಸಲು ನೋಡಿದರು. ಬರಲಿಲ್ಲ. ಇನ್ನೊಮ್ಮೆ ನೋಡಿದರು.

"ಎರಡನೇ ಬೆರಳಾ, ಮೂರನೇದಾ?"

"ನುಡಿಸಿದ್ರೆ ಹೇಳ್ತೀನಿ. ಫೋಟೋ ನೋಡಿ ಬರಲ್ಲ ಅದು."

ಪ್ರಿಂಟುಗಳನ್ನೆಲ್ಲ ಕವರಿಗೆ ಹಾಕಿಕೊಂಡರು, ನನಗೊಂದೂ ಕೊಡಲಿಲ್ಲ.

ಈಗ ಹತ್ತಾಗುತ್ತ ಬಂತು. ಅತ್ತೆ ಜಗಲಿಯಿಂದ ಕೂಗುತ್ತಿದ್ದಾರೆ—"ಕಮಲಾ, ಅಡವಯ್ಯ ಬಂದವ್ನೆ, ಹೆಗಲ ಮೇಲೆ ನಿನ್ ಥರಾನೇ ಗಿಟಾರ್ ಹೊತ್ಕೊಂಡು! ಮಹಡಿಗೆ ನೀನೂ ಬರ್ಬೇಕಂತೆ, ಬೇಗ—"

ಮೂರನೇ ಬೆರಳು. ಆದರೆ ಮೊದಲು ಹೆಬ್ಬೆರಳನ್ನು ಹಿಂದೆ—